ರೇಸಿನ ಹಾದಿಯಲ್ಲಿ ಕಲಿತದ್ದು, ಸಿಂದಗಿ ರಸ್ತೆಗೆ ಬಂದದ್ದು

ಮೋಟಾರು ರೇಸು ಎಂದ ಕೂಡಲೆ ನಮ್ಮ ಕಣ್ಣಿಗೆ ಕಟ್ಟುವುದು ಸಿನಿಮಾದ ದೃಶ್ಯವೇ. ಕಿವಿ ಗಡಚಿಕ್ಕುವ ಸದ್ದು, ಹೊಗೆ, ಪಲ್ಟಿ ಹೊಡೆಯುವ ಕಾರು, ಕೊನೆಗೆ ಕೊರಳಿಗೆ ಹಾರ ಹಾಕಿಸಿಕೊಂಡು ನಿಲ್ಲುವ ನಾಯಕ. ಅದು ಗಂಡಸರ ಆಟ, ಅದರಲ್ಲೂ ಹಣವಂತ ಗಂಡಸರ ಆಟ. ದಿನಾ ರೊಟ್ಟಿ ಬಡಿಯುವ ನಮಗೂ ಅದಕ್ಕೂ ಏನ್ರೀ ಸಂಬಂಧ ಎಂದು ನೀವು ಕೇಳಿದರೆ ತಪ್ಪಿಲ್ಲ. ಆದರೆ ರೇಸಿಗೆಂದೇ ಕಟ್ಟಿದ ಹಾದಿಗಳಲ್ಲಿ ಈಗ ಶನಿವಾರ ಭಾನುವಾರ ಬೇರೊಂದು ಬಗೆಯ ಕೂಟವೂ ನಡೆಯುತ್ತದೆ. ಅಲ್ಲಿ ಪಂದ್ಯವಿಲ್ಲ, ಬಹುಮಾನವಿಲ್ಲ. ಬ್ಯಾಂಕಿನವರು, ಡಾಕ್ಟರು, ಶಾಲೆಯಲ್ಲಿ ಕಲಿಸುವವರು, ಮನೆ ನೋಡಿಕೊಂಡಿರುವವರು ತಾವು ದಿನಾ ಓಡಿಸುವ ಕಾರನ್ನೇ ತೆಗೆದುಕೊಂಡು ಹೋಗುತ್ತಾರೆ. ತಿಳಿದವರು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ಎರಡು ದಿನ ಕಲಿತು, ಅದೇ ಕಾರಿನಲ್ಲಿ ಮನೆಗೆ ಬರುತ್ತಾರೆ. 'ಟ್ರ್ಯಾಕ್ ಡೇ' ಎಂದು ಅದಕ್ಕೆ ಹೆಸರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಹೆಣ್ಣುಮಕ್ಕಳು ಸ್ಕೂಟಿ ಓಡಿಸುವುದು ಈಗ ಯಾರಿಗೂ ಹೊಸದಲ್ಲ. ಕಾರಿನ ಸ್ಟೇರಿಂಗು ಹಿಡಿದವರೂ ಇದ್ದಾರೆ. ಆದರೆ ನಮಗೆ ಕಲಿಸಿದ್ದಾದರೂ ಏನು? ಕ್ಲಚ್ಚು ಒತ್ತು, ಗೇರು ಹಾಕು, ಹಾರ್ನು ಹೊಡಿ. ಅಲ್ಲಿಗೆ ಮುಗಿಯಿತು. ಎದುರಿಗೆ ಎಮ್ಮೆ ಅಡ್ಡ ಬಂದಾಗ ಆ ಕಾರನ್ನು ನಿಲ್ಲಿಸುವುದು ಹೇಗೆಂದು ಯಾರಾದರೂ ಕಲಿಸಿದ್ದಾರೆಯೆ? ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಈ ಕೂಟಕ್ಕೆ ಹೋಗಿ ಬಂದವಳು. ಪಂಚಮಿಗೆ ಬಾಗೇವಾಡಿಗೆ ಬಂದಾಗ ತನ್ನ ಜೊತೆ ಹೋಗಿದ್ದ ಇಬ್ಬರು ಗೆಳತಿಯರನ್ನೂ ಕರೆತಂದಿದ್ದಳು. ಅಳ್ಳಿಟ್ಟು, ಉಂಡಿ ತಿನ್ನುತ್ತ ಅವರು ಹೇಳಿದ ಮೊದಲ ಮಾತೇ ನನಗೆ ಹಿಡಿಸಿತು.

"ದೊಡ್ಡವ್ವಾ, ಅಲ್ಲಿ ಮೊದಲ ಕಲಸೂದು ಓಡಸೂದಲ್ಲ. ನಿಂದರಸೂದು!"

ಅವರು ಹೋಗಿದ್ದು ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಗೆ. ಶ್ರೀರಾಮಾನುಜಾಚಾರ್ಯರು ಹುಟ್ಟಿದ ಶ್ರೀಪೆರುಂಬುದೂರಿನ ಹತ್ತಿರದ ಊರು ಅದು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯ ಪಕ್ಕಕ್ಕೇ ಇದೆ. ಮೊದಲೆಲ್ಲ ಮದ್ರಾಸಿನ ರೇಸುಗಳು ಶೋಳವರಂನ ಹಳೆಯ ವಿಮಾನದ ಪಟ್ಟಿಯ ಮೇಲೆ ನಡೆಯುತ್ತಿದ್ದವು. ರೇಸಿಗೆಂದೇ ಬೇರೆ ಹಾದಿ ಬೇಕೆಂದು ಅಲ್ಲಿನ ಮೋಟಾರು ಕ್ರೀಡಾ ಕ್ಲಬ್ಬಿನವರು ಇದನ್ನು ಕಟ್ಟಿದರು, 1990ರಲ್ಲಿ ತೆರೆಯಿತು. ಒಂದು ಸುತ್ತು ಸುಮಾರು 3.7 ಕಿಲೋಮೀಟರು, ಹನ್ನೆರಡು ತಿರುವು. ಕೊಯಮತ್ತೂರಿನ ಬಳಿ ಚೆಟ್ಟಿಪಾಳಯದಲ್ಲಿ ಇನ್ನೊಂದಿದೆ. ನಮ್ಮ ದೇಶದಲ್ಲೇ ರೇಸಿನ ಕಾರು ತಯಾರಿಸಿ ಹುಡುಗರನ್ನು ಬೆಳೆಸಿದ ಕರಿವರ್ಧನ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ದಿಲ್ಲಿ ಹತ್ತಿರದ ಗ್ರೇಟರ್ ನೋಯ್ಡಾದಲ್ಲಿರುವುದು ಇವೆರಡಕ್ಕಿಂತ ದೊಡ್ಡದು; 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ಪಂದ್ಯ ನಡೆದದ್ದು ಅಲ್ಲೇ.

ಇನ್ನು ಅವರ ಅನುಭವ ಕೇಳಿ.

ಬೆಳಿಗ್ಗೆ ಹೋದ ಕೂಡಲೆ ಕಾರಿನ ತಪಾಸಣೆ. ಟೈರು, ಬ್ರೇಕು, ಎಣ್ಣೆ ಸೋರುತ್ತಿದೆಯೆ, ಇಷ್ಟನ್ನು ನೋಡುತ್ತಾರೆ. ಆಮೇಲೆ ಕಾರಿನೊಳಗೆ ಸಡಿಲವಾಗಿರುವುದನ್ನೆಲ್ಲ ಹೊರಗೆ ತೆಗೆಸುತ್ತಾರೆ. ನೀರಿನ ಬಾಟಲಿ, ಕೊಡೆ, ಕಾಲಡಿಯ ಚಾಪೆ, ಸೀಟಿನ ಕೆಳಗಿನ ಚೀಲ, ಹಿಂದಿನ ಡಿಕ್ಕಿಯ ಜಾಕು, ಮುಂದೆ ಕೂಡಿಸಿದ್ದ ಗಣಪತಿ ಕೂಡ. ಗಣಪತಿಯನ್ನು ಬಟ್ಟೆಯಲ್ಲಿ ಸುತ್ತಿ ತೆಗೆದಿಡುವಾಗ ಇವಳಿಗೆ ಜೀವ ಹೊಯ್ದಾಡಿತಂತೆ. ಹೇಳಿಕೊಡುವವರು ನಕ್ಕು, "ಬ್ರೇಕ್ ಹಾಕಿದಾಗ ಆ ಬಾಟಲಿ ಉರುಳಿ ಪೆಡಲಿನ ಕೆಳಗೆ ಬಂದರೆ ನೀವು ಒತ್ತುವುದು ಬಾಟಲಿಯನ್ನು, ಬ್ರೇಕನ್ನಲ್ಲ" ಎಂದರಂತೆ. ಇದನ್ನು ಕೇಳುವಾಗ ನನಗೆ ನಮ್ಮ ಜಾತ್ರೆಯ ಪ್ರಯಾಣಗಳು ನೆನಪಾದವು. ಬುತ್ತಿಗಂಟು, ತಂಬಿಗೆ, ತೆಂಗಿನಕಾಯಿ ಎಲ್ಲವೂ ಓಡಿಸುವವರ ಕಾಲ ಬಳಿಯೇ! ನಾಳೆಯಿಂದ ತಂಬಿಗೆಯ ಜಾಗ ಹಿಂದಿನ ಡಿಕ್ಕಿ, ತಿಳಿಯಿತಲ್ಲ?

ಬಟ್ಟೆಯ ವಿಷಯಕ್ಕೂ ಕಟ್ಟುನಿಟ್ಟು. ತೋಳು ತುಂಬ ಇರುವ ಹತ್ತಿ ಬಟ್ಟೆ, ಮುಚ್ಚಿದ ಬೂಟು, ತಲೆಗೆ ಹೆಲ್ಮೆಟ್ಟು. ನೈಲಾನು ಬೇಡ, ಬೆಂಕಿ ಹತ್ತಿದರೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಮುಂದೆ ಇದನ್ನು ನಾವು ಮೊದಲಿನಿಂದಲೂ ಬಲ್ಲೆವು. ಇಳಕಲ್ ಸೀರೆ ಉಟ್ಟು ಕಾರು ಓಡಿಸುವವರು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಗಿಸಿಕೊಳ್ಳಿ, ನಿರಿಗೆ ಪೆಡಲಿಗೆ ತಾಕದಷ್ಟು ಎತ್ತರ ಇರಲಿ. ಹಿಂದೆ ಪಟ್ಟಿಯಿಲ್ಲದ ಚಪ್ಪಲಿ ಹಾಕಿ ಓಡಿಸುವುದಂತೂ ಬೇಡವೇ ಬೇಡ. ಅರ್ಧ ಒತ್ತಿದಾಗ ಕಾಲಿನಿಂದ ಜಾರಿ ಪೆಡಲಿನ ಕೆಳಗೆ ಕೂತುಬಿಡುತ್ತದೆ.

ಆಮೇಲಿನ ಪಾಠ ಕೂಡುವುದು. ಇದರಲ್ಲೇನು ಕಲಿಯುವುದು ಎಂದುಕೊಂಡವಳೇ ಅವಳೂ. ಬೆನ್ನು, ಭುಜ ಎರಡೂ ಸೀಟಿಗೆ ತಾಗಿರಬೇಕು. ಹಾಗೆ ಕೂತು ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿಗೆ ಬರಬೇಕು. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಕೈ ಎರಡೂ ಪಕ್ಕದಲ್ಲಿ, ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ. ನಮ್ಮವರು ನೋಡಿ, ಸ್ಟೇರಿಂಗಿಗೆ ಎದೆ ತಾಗಿಸಿಕೊಂಡು ಇಣುಕುತ್ತ ಕೂಡುತ್ತಾರೆ. ಗಂಡಸರದು ಇನ್ನೊಂದು ಚಂದ. ಆರಾಮ ಕುರ್ಚಿಯಲ್ಲಿ ಮಲಗಿದಂತೆ ಹಿಂದಕ್ಕೆ ವಾಲಿ, ಒಂದೇ ಕೈ. ಎರಡೂ ರೀತಿಯಲ್ಲಿ ಗಟ್ಟಿಯಾಗಿ ಬ್ರೇಕು ಒತ್ತಲು ಬಲ ಸಿಗುವುದಿಲ್ಲ. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಬರಬೇಕು. ಬಸುರಿ ಹೆಣ್ಣುಮಕ್ಕಳಿಗೂ ಹೊಟ್ಟೆಯ ಕೆಳಗಿನಿಂದಲೇ.

ಮೊದಲ ಸುತ್ತುಗಳು ಗುರುಗಳ ಕಾರಿನ ಹಿಂದೆ ಸಾಲಾಗಿ, ಬಾತುಕೋಳಿ ಮರಿಗಳ ಹಾಗೆ. ಹಾದಿಯ ಪಕ್ಕದಲ್ಲಿ ಅಲ್ಲಲ್ಲಿ ಬಾವುಟ ಹಿಡಿದವರು ನಿಂತಿರುತ್ತಾರೆ. ಹಳದಿ ತೋರಿಸಿದರೆ ಮುಂದೆ ಅಪಾಯ, ಯಾರನ್ನೂ ದಾಟಬೇಡಿ. ಕೆಂಪು ತೋರಿಸಿದರೆ ಆಟ ನಿಂತಿತು, ಮೆಲ್ಲಗೆ ವಾಪಸು ಬನ್ನಿ. ನೀಲಿ ಎಂದರೆ ಹಿಂದೆ ನಿಮಗಿಂತ ಬೇಗ ಬರುವವರಿದ್ದಾರೆ. ದಾಟುವುದು ನೇರ ಹಾದಿಯಲ್ಲಿ ಮಾತ್ರ, ಅದೂ ಮುಂದಿನವರು ಕೈಯಿಂದ 'ಹೋಗಿ' ಎಂದು ತೋರಿಸಿದ ಮೇಲೆ. "ರೇಸಿನ ಹಾದಿ ಅಂದರ ಅಡ್ಡಾದಿಡ್ಡಿ ಅಂತ ತಿಳದಿದ್ದೆರಿ. ನಮ್ಮೂರ ಬಸ್ ಸ್ಟ್ಯಾಂಡಿನಕಿಂತ ಅಲ್ಲೆ ಶಿಸ್ತು ಭಾಳ ಅದ!" ಎಂದವರು ಕಲಬುರಗಿ ಕಡೆಯ ಶಾಲೆಯ ಅಕ್ಕೋರು. ವಯಸ್ಸು ಐವತ್ತು ದಾಟಿದೆ. ಕಾರು ಕಲಿತದ್ದೇ ನಲವತ್ತೆಂಟರಲ್ಲಿ.

ಅಕ್ಕೋರ ಕಥೆ ಸ್ವಲ್ಪ ಹೇಳಲೇಬೇಕು. ಯಜಮಾನರು ಕಾರು ಕಲಿಸಿದರಂತೆ. ಪ್ರತಿ ದಿನ ಜಗಳ. "ಅಲ್ಲೆ ನೋಡು, ಇಲ್ಲೆ ನೋಡು, ಕಣ್ಣ ಕಾಣಸ್ತಾವೊ ಇಲ್ಲೊ?" ಎಂಬ ಕೂಗಿಗೆ ಕೈ ನಡುಗಿ, ಒಂದು ವರ್ಷ ಕಾರು ಮುಟ್ಟಿರಲಿಲ್ಲ. ಈ ಕೂಟಕ್ಕೆ ಬಂದದ್ದೂ ಮಗಳ ಒತ್ತಾಯಕ್ಕೆ. ಇಲ್ಲಿ ಪಕ್ಕದಲ್ಲಿ ಕೂತವರು ಒಮ್ಮೆಯೂ ದನಿ ಎತ್ತಲಿಲ್ಲ. ಒಂದೇ ಮಾತು ಹೇಳುತ್ತಿದ್ದರು: ಕಾರಿನ ಮೂತಿ ನೋಡಬೇಡಿ, ನೀವು ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ. ನೋಟ ಎಲ್ಲಿ ಹೋಗುತ್ತದೋ ಕೈ ಅಲ್ಲಿಗೇ ಹೋಗುತ್ತದೆ. ಗುಂಡಿ ನೋಡಿದರೆ ಗುಂಡಿಗೆ, ಗಿಡ ನೋಡಿದರೆ ಗಿಡಕ್ಕೆ. ಅಕ್ಕೋರು ಹೇಳಿದರು: "ತುಂಬಿದ ಕೊಡ ಹೊತ್ತಾಕಿ ಕಾಲ ನೋಡಿಕೋತ ನಡೀತಾಳೇನ್ರಿ? ದೂರ ನೋಡತಾಳ. ಅದ ಪಾಠರಿ ಇದು." ಎರಡನೆಯ ದಿನ ಸಂಜೆ, ಬಂದವರೆಲ್ಲರಲ್ಲಿ ಅತಿ ನಿಧಾನ ಅಕ್ಕೋರದೇ. ಆದರೆ ಅತಿ ನಯವಾಗಿ ಓಡಿಸಿದವರೂ ಇವರೇ ಎಂದು ಗುರುಗಳು ಎಲ್ಲರೆದುರು ಹೇಳಿದರಂತೆ. ಯಜಮಾನರು ಈಗ ಪಕ್ಕದ ಸೀಟಿನಲ್ಲಿ ಕೂತು ಮಾತಾಡುವುದಿಲ್ಲವಂತೆ, ನಿದ್ದೆ ಮಾಡುತ್ತಾರೆ!

ಎಲ್ಲರಿಗೂ ಹಾಗೆ ಹೂವಿನ ಹಾದಿಯಾಗಲಿಲ್ಲ. ಇನ್ನೊಬ್ಬ ಗೆಳತಿ ಹುಬ್ಬಳ್ಳಿಯ ಕಡೆಯವಳು, ಹಲ್ಲಿನ ಡಾಕ್ಟರು. ಮೊದಲ ದಿನ ಮಧ್ಯಾಹ್ನಕ್ಕೆ ಧೈರ್ಯ ಬಂತು, ಧೈರ್ಯದ ಹಿಂದೆ ಹುರುಪೂ ಬಂತು. ಒಂದು ತಿರುವಿಗೆ ಬೇಗ ಬಂದುಬಿಟ್ಟಳು. ಅರ್ಧ ತಿರುಗಿದ ಮೇಲೆ ಹೆದರಿ ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆದಳು. ಕಾರಿನ ಹಿಂಭಾಗ ಜಾರಿ, ಕಾರು ಬುಗುರಿಯ ಹಾಗೆ ತಿರುಗಿ ಹುಲ್ಲಿನ ಮೇಲೆ ಹೋಗಿ ನಿಂತಿತು. ಯಾರಿಗೂ ಏಟಾಗಲಿಲ್ಲ, ಅದಕ್ಕೆಂದೇ ಅಲ್ಲಿ ಬಯಲು ಬಿಟ್ಟಿರುತ್ತಾರೆ. ಆದರೆ ಅವಳು ಹತ್ತು ನಿಮಿಷ ಸ್ಟೇರಿಂಗು ಬಿಡಲಾರದೆ ಹಾಗೇ ಕೂತಿದ್ದಳಂತೆ. "ಆಂಟಿ, ನನಗ ಆಗ ನೆನಪಾಗಿದ್ದು ನಮ್ಮ ಹುಬ್ಬಳ್ಳಿ-ಧಾರವಾಡ ರಸ್ತಾ. ಅಲ್ಲೆ ಹಿಂಗಾಗಿದ್ದರ ಬಾಜೂಕ ಹುಲ್ಲಿರತಿದ್ದಿಲ್ಲ, ಬಸ್ಸಿರತಿತ್ತು" ಎಂದಳು. ನನ್ನ ಮೈ ಝುಮ್ಮೆಂದಿತು.

ಯಾಕೆ ಹಾಗಾಯಿತೆಂದು ಗುರುಗಳು ಆಮೇಲೆ ಬಿಡಿಸಿ ಹೇಳಿದರು. ತುಂಬಿದ ಕೊಡ ಹೊತ್ತು ಗಕ್ಕನೆ ನಿಂತರೆ ನೀರು ಮುಂದಕ್ಕೆ ಚೆಲ್ಲುತ್ತದೆಯಷ್ಟೆ. ಕಾರಿನ ಭಾರವೂ ಹಾಗೇ. ವೇಗ ಇಳಿಸಿದಾಗ ಭಾರವೆಲ್ಲ ಮುಂದಿನ ಗಾಲಿಗೆ ಹೋಗಿ, ಹಿಂದಿನ ಗಾಲಿ ಹಗುರಾಗುತ್ತದೆ. ನೇರ ಹೋಗುವಾಗ ಅದರಿಂದ ತೊಂದರೆಯಿಲ್ಲ. ತಿರುವಿನ ನಡುವೆ ಹಗುರಾದ ಗಾಲಿಗೆ ನೆಲದ ಹಿಡಿತ ತಪ್ಪುತ್ತದೆ. ಆದ್ದರಿಂದ ವೇಗವನ್ನು ತಿರುವಿಗೆ ಮೊದಲೇ, ಕಾರು ನೇರ ಇರುವಾಗಲೇ ಇಳಿಸಿಬಿಡಿ. ತಿರುವಿನಲ್ಲಿ ಕಾಲು ಸಮಾಧಾನವಾಗಿರಲಿ. ಹಾದಿ ನೇರವಾಗುತ್ತ ಬಂದಂತೆ ಮೆಲ್ಲಗೆ ವೇಗ ಕೊಡಿ. ರೇಸಿನವರು ಗೆಲ್ಲುವುದೂ ಹೀಗೆಯೇ ಅಂತೆ, ನಿಧಾನ ಹೊಕ್ಕು ಬೇಗ ಹೊರಬಂದು.

ನನಗೆ ಬಹಳ ಉಪಯೋಗ ಕಂಡದ್ದು ಬ್ರೇಕಿನ ಅಭ್ಯಾಸ. ನೇರ ಹಾದಿಯಲ್ಲಿ ಎರಡು ಕೆಂಪು ಟೋಪಿಗಳಂಥ ಗುರುತು ಇಟ್ಟು, ಅಲ್ಲಿಗೆ ಬಂದ ಕೂಡಲೆ ಮೈಯೆಲ್ಲ ಬಲ ಹಾಕಿ ಬ್ರೇಕು ಒತ್ತಲು ಹೇಳುತ್ತಾರೆ. ನಮ್ಮ ಹುಡುಗಿ ಹತ್ತು ವರ್ಷದಿಂದ ಕಾರು ಓಡಿಸುತ್ತಿದ್ದರೂ ಒಮ್ಮೆಯೂ ಬ್ರೇಕನ್ನು ತಳದವರೆಗೆ ಒತ್ತಿರಲಿಲ್ಲ. ಒತ್ತಿದಾಗ ಪೆಡಲು ಕಾಲಡಿಯಲ್ಲಿ ಗಡಗಡ ನಡುಗಿತು. ಏನೋ ಮುರಿಯಿತೆಂದು ಹೆದರಿ ಕಾಲು ತೆಗೆದುಬಿಟ್ಟಳು. ಅಲ್ಲಿಯೇ ಇದೆ ಮರ್ಮ. ಎ.ಬಿ.ಎಸ್. ಎಂಬ ವ್ಯವಸ್ಥೆ ಗಾಲಿ ಸ್ತಬ್ಧವಾಗಿ ಜಾರದಂತೆ ಬ್ರೇಕನ್ನು ತಾನೇ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ. ಆ ನಡುಕ ಅದರದೇ. 2019ರ ಏಪ್ರಿಲಿನಿಂದ ನಮ್ಮಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಆದ್ದರಿಂದ ನಿಮ್ಮ ಕಾರಿನಲ್ಲಿ ಇದು ಇದ್ದರೆ, ಪೆಡಲು ಎಷ್ಟು ನಡುಗಿದರೂ ಕಾಲು ತೆಗೆಯಬೇಡಿ. ಒತ್ತಿಕೊಂಡೇ ಸ್ಟೇರಿಂಗು ತಿರುಗಿಸಿ ಎಮ್ಮೆಯನ್ನು ತಪ್ಪಿಸಬಹುದು. ಹಳೆಯ ಕಾರಾದರೆ ಗಾಲಿ ಸ್ತಬ್ಧವಾಗಿ ಜಾರತೊಡಗುತ್ತದೆ, ಆಗ ಸ್ಟೇರಿಂಗು ಮಾತು ಕೇಳುವುದಿಲ್ಲ. ಕಾಲನ್ನು ಸ್ವಲ್ಪ ಸಡಿಲಿಸಿ ಮತ್ತೆ ಒತ್ತಬೇಕು.

ಇನ್ನು ಲೆಕ್ಕ. ಒಣ ಡಾಂಬರು, ಒಳ್ಳೆಯ ಟೈರು ಇದ್ದು ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಕಾರು ಬ್ರೇಕು ಒತ್ತಿದ ಮೇಲೆ ಸುಮಾರು 9 ಮೀಟರು ಹೋಗಿ ನಿಲ್ಲುತ್ತದೆ. 80ರಲ್ಲಿ ಹೋದರೆ? ಎರಡರಷ್ಟು ಎನ್ನುತ್ತೀರಿ. ಅಲ್ಲ, ನಾಲ್ಕರಷ್ಟು, ಸುಮಾರು 35 ಮೀಟರು. ಇದರ ಮೇಲೆ ಕಣ್ಣು ಕಂಡದ್ದು ಕಾಲಿಗೆ ತಿಳಿಯಲು ಒಂದು ಸೆಕೆಂಡು ಬೇಕಲ್ಲ, ಅಷ್ಟರಲ್ಲಿ 80ರ ಕಾರು ಇನ್ನೂ 22 ಮೀಟರು ಹೋಗಿರುತ್ತದೆ. ಒಟ್ಟು 57 ಮೀಟರು! ಮಳೆಯಾದರೆ ಇನ್ನೂ ಹೆಚ್ಚು.

ಈಗ ನಮ್ಮ ರಸ್ತೆಗಳನ್ನು ನೆನೆಸಿಕೊಳ್ಳಿ. ಸಿಂದಗಿಯಿಂದ ವಿಜಯಪುರಕ್ಕೆ, ಅಲ್ಲಿಂದ ನಿಡಗುಂದಿಯ ಕಡೆ ಹೋಗುವ 50ನೇ ನಂಬರಿನ ಹೆದ್ದಾರಿ ಕನ್ನಡಿಯ ಹಾಗಿದೆ, ಕಾಲು ತಾನಾಗಿ ಆಕ್ಸಿಲರೇಟರು ಒತ್ತುತ್ತದೆ. ಕಬ್ಬಿನ ಹಂಗಾಮಿನಲ್ಲಿ ಅದೇ ರಸ್ತೆಯಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ಒಂದು ದೀಪವೂ ಇಲ್ಲದೆ. ರಾತ್ರಿ ನಮ್ಮ ಕಾರಿನ ಕೆಳದೀಪದ ಬೆಳಕಿಗೆ ಕಬ್ಬಿನ ಹೊರೆ ಕಾಣುವಷ್ಟರಲ್ಲಿ ಆ 57 ಮೀಟರು ಉಳಿದಿರುತ್ತದೆಯೆ? ಸುಗ್ಗಿಯಲ್ಲಿ ಒಳದಾರಿಗಳ ಮೇಲೆ ತೊಗರಿ, ಜೋಳ ಹರವಿ ರಾಶಿ ಮಾಡುತ್ತಾರೆ. ಒಣ ಹೊಟ್ಟಿನ ಮೇಲೆ ಬ್ರೇಕು ಒತ್ತಿದರೆ ಗಾಲಿ ಜಾರುತ್ತದೆ. ಮೊದಲ ಮಳೆಗೆ ಹೊಲದಿಂದ ಬಂದ ಟ್ರ್ಯಾಕ್ಟರು ಎರಿಮಣ್ಣನ್ನು ಡಾಂಬರಿನ ಮೇಲೆ ಬಳಿದು ಹೋಗಿರುತ್ತದೆ. ಎರಿಮಣ್ಣಿನ ಜಾರು ಬಲ್ಲವರಿಗೆ ಬೇರೆ ಹೇಳಬೇಕಿಲ್ಲ. ಇಂಥಲ್ಲೆಲ್ಲ ರೇಸಿನ ಹಾದಿಯ ಪಾಠ ಒಂದೇ: ಮೊದಲೇ ಇಳಿಸಿ, ನೇರ ಇರುವಾಗ ಇಳಿಸಿ.

ಬ್ರೇಕು ಕಾದರೆ ಏನಾಗುತ್ತದೆಂಬುದನ್ನೂ ಇವರು ಕಂಡು ಬಂದರು. ಏಳೆಂಟು ಸುತ್ತು ಹಾಕಿದ ಮೇಲೆ ಸುಟ್ಟ ವಾಸನೆ, ಪೆಡಲು ಹತ್ತಿಯ ದಿಂಬಿನ ಹಾಗೆ ಮೆತ್ತಗೆ. ಅದಕ್ಕೇ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲರನ್ನೂ ಹೊರಗೆ ಕರೆಯುತ್ತಾರೆ. ಕೊನೆಯ ಸುತ್ತು ಮೆಲ್ಲಗೆ ಹಾಕಿ ಗಾಳಿಗೆ ಆರಿಸಬೇಕು. ನಿಲ್ಲಿಸಿದ ಮೇಲೆ ಕೈಬ್ರೇಕು ಎಳೆಯಬಾರದು, ಗೇರಿನಲ್ಲಿ ಬಿಡಬೇಕು. ನೀವು ಗೋಕರ್ಣಕ್ಕೆ ಹೋಗುವಾಗ ಅರಬೈಲು ಘಟ್ಟದಲ್ಲಿ ಉದ್ದಕ್ಕೂ ಬ್ರೇಕು ಒತ್ತಿಕೊಂಡೇ ಇಳಿದರೆ ಇದೇ ಆಗುವುದು. ಎರಡನೆಯ ಗೇರಿಗೆ ಹಾಕಿ ಇಳಿಯಿರಿ, ಎಂಜಿನ್ನೇ ಹಿಡಿದುಕೊಳ್ಳುತ್ತದೆ.

ಖರ್ಚಿನ ಮಾತೂ ಆಡಿಬಿಡೋಣ. ಇದು ಅಗ್ಗದ ಹವ್ಯಾಸವಲ್ಲ. ಎರಡು ದಿನದಲ್ಲಿ ಟೈರು, ಬ್ರೇಕಿನ ಪ್ಯಾಡು ತಿಂಗಳುಗಟ್ಟಲೆ ಸವೆಯುವಷ್ಟು ಸವೆಯುತ್ತವೆ. ನಮ್ಮ ಸಾಮಾನ್ಯ ವಿಮೆಯಲ್ಲಿ ರೇಸು, ವೇಗದ ಪರೀಕ್ಷೆಗಳಲ್ಲಿ ಆದ ಹಾನಿಗೆ ಪರಿಹಾರವಿಲ್ಲ. ನಮ್ಮ ಹುಡುಗಿ ಇದಕ್ಕಾಗಿ ಒಂದು ವರ್ಷ ಚೀಟಿ ಕಟ್ಟಿದ್ದಳು. ಎಲ್ಲರೂ ಹೋಗಿ ಎಂದು ನಾನು ಹೇಳುತ್ತಿಲ್ಲ.

ಹೆಂಗಸರಿಗೆ ಇದೆಲ್ಲ ಎಲ್ಲಿಯದು ಎನ್ನುವ ಅತ್ತೆಯಂದಿರಿಗೆ ಒಂದು ಕಥೆ ಹೇಳಿ. ಮೋಟಾರು ಕಾರಿನಲ್ಲಿ ಮೊಟ್ಟಮೊದಲು ದೂರ ಪ್ರಯಾಣ ಮಾಡಿ ತೋರಿಸಿದ್ದು ಒಬ್ಬ ಗೃಹಿಣಿಯೇ! 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡನಿಗೆ ಹೇಳದೆ ಅವನು ಕಟ್ಟಿದ ಮೂರು ಗಾಲಿಯ ಗಾಡಿ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳ ಜೊತೆ ನೂರು ಕಿಲೋಮೀಟರಿಗೂ ದೂರದ ತವರಿಗೆ ಹೊರಟಳು. ಎಣ್ಣೆಯ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಂಧನ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಗಂಡನ ಗಾಡಿಗೆ ಹೆಸರು ಬಂದದ್ದು ಆಮೇಲೆ. ತವರಿಗೆ ಹೋಗಲು ಹೆಣ್ಣುಮಕ್ಕಳು ಏನು ಬೇಕಾದರೂ ಮಾಡಿಯಾರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮೋಟಾರ್ ಸೈಕಲ್ಲಿನಲ್ಲಿ 2018ರಲ್ಲಿ ಸ್ಪೇನಿನಲ್ಲಿ ಬಿದ್ದು ಹೊಟ್ಟೆಯೊಳಗೆ ದೊಡ್ಡ ಪೆಟ್ಟು ಮಾಡಿಕೊಂಡರೂ, ಮರುವರ್ಷವೇ ಮಹಿಳೆಯರ ಬಾಹಾ ವಿಶ್ವಕಪ್ಪು ಗೆದ್ದು ಬಂದಳು. ಆಗ ಅವಳಿಗಿನ್ನೂ ಇಪ್ಪತ್ತನಾಲ್ಕೂ ದಾಟಿರಲಿಲ್ಲ.

ಮನೆಯಲ್ಲಿ ಬೆಳೆದ ಗಂಡುಮಕ್ಕಳಿರುವ ತಾಯಂದಿರಿಗೆ ಒಂದು ಮಾತು. ವೇಗದ ಹುಚ್ಚು ಹುಡುಗರಿಗೆ ಇರುವುದೇ. ತೆರಬಂಡಿ ಓಡಿಸಲು ನಮ್ಮ ಹಿರಿಯರು ಜಾತ್ರೆಯ ಬಯಲನ್ನು ಆರಿಸಿದರೇ ಹೊರತು ಸಂತೆಯ ದಾರಿಯನ್ನಲ್ಲ. ಹದಿನೆಂಟು ತುಂಬದ ಮಗನಿಗೆ ಬೈಕಿನ ಕೀಲಿ ಕೊಟ್ಟು ಅವನು ಅಪರಾಧ ಮಾಡಿದರೆ, 2019ರ ತಿದ್ದುಪಡಿಯಂತೆ ಹೊಣೆ ತಂದೆತಾಯಿಗಳದೇ ಅಥವಾ ಗಾಡಿಯ ಮಾಲೀಕರದೇ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಸಿಗುವುದಿಲ್ಲ. ದಂಡ ಹೋಗಲಿ ಬಿಡಿ, ಮಗ ಸಂಜೆ ಮನೆಗೆ ಬರುವುದು ಮುಖ್ಯವಲ್ಲವೆ? ಡಾಕ್ಟರ ಹುಡುಗಿ ಹುಲ್ಲಿನ ಮೇಲೆ ತಿರುಗಿದ ಕಥೆಯನ್ನು ನಮ್ಮ ಓಣಿಯ ಹುಡುಗರಿಗೆ ಅವಳ ಬಾಯಿಂದಲೇ ಹೇಳಿಸಿದೆ. ನಾನು ಹೇಳಿದ್ದರೆ ಕೇಳುತ್ತಿರಲಿಲ್ಲ. ಗಂಟೆಗೆ ಎಷ್ಟು ಕಿಲೋಮೀಟರಿನಲ್ಲಿತ್ತು ಎಂದು ಮೊದಲು ಕೇಳಿದರು, ಆಮೇಲೆ ಸುಮ್ಮನಾದರು.

ನೀವು ಹೊಸದಾಗಿ ಕಲಿಯುವವರಾದರೆ ಮೊದಲು ಎಲ್.ಎಲ್.ಆರ್. ಮಾಡಿಸಿ, ಅದು ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಡ್ರೈವಿಂಗ್ ಶಾಲೆಯವರಿಗೆ, "ಗಟ್ಟಿಯಾಗಿ ಬ್ರೇಕು ಒತ್ತುವುದನ್ನೂ ಕಲಿಸಿರಿ" ಎಂದು ಬಾಯಿಬಿಟ್ಟು ಕೇಳಿ. ಗಂಡನಿಂದ ಕಲಿಯಬೇಕೋ ಬೇಡವೋ ಎಂಬುದನ್ನು ನಿಮಗೇ ಬಿಟ್ಟಿದ್ದೇನೆ.

ಪಂಚಮಿ ಮುಗಿದ ಭಾನುವಾರ ಬೆಳಿಗ್ಗೆ, ಜನ ಓಡಾಡದ ಒಂದು ಬಯಲಿಗೆ ನಮ್ಮ ಹುಡುಗಿ ತನ್ನ ಅವ್ವನನ್ನೇ, ಅಂದರೆ ನನ್ನ ತಂಗಿಯನ್ನೇ, ಕಾರಿನಲ್ಲಿ ಕೂಡಿಸಿಕೊಂಡು ಹೋದಳು. ತಂಗಿಗೆ ಲೈಸೆನ್ಸು ಬಂದು ಎರಡು ವರ್ಷವಾದರೂ ಮೂರನೆಯ ಗೇರು ದಾಟಿದವಳಲ್ಲ. ಕೆಂಪು ಟೋಪಿಗಳು ಇಲ್ಲೆಲ್ಲಿಯವು? ಇಂಡಿಯಿಂದ ಬಂದಿದ್ದ ಲಿಂಬೆಹಣ್ಣಿನ ಚೀಲವಿತ್ತು. ಒಂದೊಂದೇ ಹಣ್ಣು ನೆಲದ ಮೇಲಿಟ್ಟು, ಮೂವತ್ತರ ವೇಗದಲ್ಲಿ ಬಂದು ಅದರ ಮುಂದೆ ನಿಲ್ಲಿಸಬೇಕು. "ಅವ್ವಾ, ಹಣ್ಣ ನೋಡಬ್ಯಾಡ, ದೂರ ನೋಡು!" ಎಂದು ಮಗಳು, "ನೋಡದಿದ್ದರ ಹೆಂಗ ನಿಂದರಸಲಿ ಹೇಳು!" ಎಂದು ತಾಯಿ. ಆರು ಹಣ್ಣು ಜಜ್ಜಿ ಹೋದವು. ಏಳನೆಯದರ ಮುಂದೆ ಕಾರು ಒಂದು ಗೇಣು ಬಿಟ್ಟು ನಿಂತಿತು. ಆ ಹಣ್ಣನ್ನು ಉಪ್ಪಿನಕಾಯಿಗೆ ಹಾಕಲು ನನ್ನ ತಂಗಿ ಒಪ್ಪಲಿಲ್ಲ. ಕಾರಿನಲ್ಲಿ ಗಣಪತಿಯ ಪಕ್ಕದಲ್ಲಿ ಇಟ್ಟುಕೊಂಡಳು. ಉರುಳಿ ಪೆಡಲಿನ ಕೆಳಗೆ ಬಂದೀತು ಎಂದು ಮಗಳು ಅದನ್ನು ಅಲ್ಲಿಂದಲೂ ತೆಗೆಸಿದಳು.